ಬಾಯಿ ವಾರೆಯಾದರೆ ಹಣೆ ನೋಡಿ

ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಇಳಿದು ಬಂದವರಿಗೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರಿದರೆ, ಮನೆಯಲ್ಲಿ ಹೇಳುವುದು ಒಂದೇ ಮಾತು: ‘ಕಿಟಕಿ ಗಾಳಿ ಬಡಿದದ್ದು, ಎಣ್ಣೆ ತಿಕ್ಕಿದರೆ ಸರಿಯಾಗ್ತದೆ.’ ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಹೀಗೆ ಐದು ದಿನ ತಿಕ್ಕಿಸಿಕೊಂಡೇ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ಕಣ್ಣು ಕೆಂಡದಂತಾಗಿತ್ತು.

ಬಾಯಿ ವಾರೆಯಾದರೆ ಮೊದಲು ನೋಡಬೇಕಾದದ್ದು ಕೈ ಮತ್ತು ಮಾತು. ಎರಡೂ ಕೈ ಮುಂದಕ್ಕೆ ಚಾಚಿಸಿ. ಒಂದು ಕೈ ಜಾರಿದರೆ, ಮಾತು ತೊದಲಿದರೆ, ನಡಿಗೆ ವಾಲಿದರೆ ಮುಂದಿನದನ್ನು ಓದಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸಿಗುವುದು ನಾಲ್ಕೂವರೆ ಗಂಟೆ. ಕೊನೆಗೆ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು ಹಣೆ. ಜನ ಎಡವುವುದೇ ಇಲ್ಲಿ. ಎಲ್ಲರೂ ನಗಿಸಿ ಬಾಯಿ ನೋಡುತ್ತಾರೆ, ಹಣೆ ನೋಡುವುದಿಲ್ಲ. ಬೆಳಕಿಗೆ ಎದುರಾಗಿ ಕೂರಿಸಿ, ತಲೆ ಎತ್ತದೆ ಹುಬ್ಬು ಮಾತ್ರ ಮೇಲೇರಿಸಲು ಹೇಳಿ. ಎಳೆಯರ ಹಣೆಯಲ್ಲಿ ಗೆರೆ ಮೂಡುವುದು ಕಡಿಮೆ, ಅವರಲ್ಲಿ ಹುಬ್ಬುಗಳ ಎತ್ತರ ಹೋಲಿಸಿ. ‘ಹಣೆ ಆಡ್ತಾ ಉಂಟು, ಹೆದರಬೇಡಿ’ ಎನ್ನುವವರನ್ನು ಕಂಡಿದ್ದೇನೆ. ಅದು ಪೂರ್ತಿ ತಲೆಕೆಳಗು. ಹಣೆಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಹಾಗಾಗಿ ಮಿದುಳಿನಲ್ಲಿ ಪೆಟ್ಟಾದರೆ ಹಣೆ ಸಾಮಾನ್ಯವಾಗಿ ಆಡುತ್ತಲೇ ಇರುತ್ತದೆ, ಬಾಯಿ ಮಾತ್ರ ವಾಲುತ್ತದೆ. ಹೆಚ್ಚು ಹೆದರಬೇಕಾದದ್ದು ಆಗಲೇ. ಕಿವಿಯ ಹತ್ತಿರದ ಎಲುಬಿನ ಕೊಳವೆಯಲ್ಲಿ ಮುಖದ ನರವೇ ಊದಿಕೊಂಡರೆ ಹಣೆ, ಕಣ್ಣು, ಬಾಯಿ ಮೂರೂ ಆ ಬದಿಯಲ್ಲಿ ನಿಲ್ಲುತ್ತವೆ. ಅದಕ್ಕೆ ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಬದಿಯ ನರ ಹಠಾತ್ತಾಗಿ ಸೋಲುವ ಕಾಯಿಲೆ, ಒಂದು ಸಾಮಾನ್ಯ ಕಾರಣ. ಆದರೂ ‘ಪಾರ್ಶ್ವವಾಯು ಅಲ್ಲ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ, ಅದು ವೈದ್ಯರ ಕೆಲಸ.

ಕಣ್ಣು ಮುಚ್ಚಿಸಿ ನೋಡಿ. ಬಿಳಿಗುಡ್ಡೆ ಕಂಡರೆ ಕಣ್ಣು ಒಣಗುತ್ತದೆ. ಹತ್ತಿ ಒತ್ತಿ ಕಟ್ಟಬೇಡಿ, ರೆಪ್ಪೆ ತೆರೆದಿದ್ದರೆ ಅದು ಕಣ್ಣನ್ನೇ ಉಜ್ಜುತ್ತದೆ. ಕಪಾಟಿನಲ್ಲಿ ಉಳಿದ ಹಳೇ ಡ್ರಾಪ್ಸ್ ಬೇಡವೇ ಬೇಡ. ಹಗಲು ಕೃತಕ ಕಣ್ಣೀರು, ರಾತ್ರಿ ಮುಲಾಮು, ಟೇಪ್ ಹಚ್ಚುವ ಕ್ರಮ, ಇವನ್ನು ವೈದ್ಯರಿಂದಲೇ ಕೇಳಿ ಕಲಿಯಿರಿ.

ಕಿವಿಯಲ್ಲಿ ನೀರ್ಗುಳ್ಳೆ, ವಿಪರೀತ ನೋವು ಇದೆಯೇ ಎಂದೂ ನೋಡಿ. ಅದು ಸರ್ಪಸುತ್ತಿನ ವೈರಸ್ ಇರಬಹುದು, ಔಷಧಿ ಬೇರೆ.

ಆ ದಿನವೇ ಹೊರಡಿ. ಮಂಗಳೂರಿನವರಿಗೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಉಂಟು, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಬೆಲ್ಸ್ ಪಾಲ್ಸಿಗೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ, ಬಸಿರು ಇದ್ದರೆ ಮುಚ್ಚಿಡದೆ ಹೇಳಿ, ಮೆಡಿಕಲ್‌ನಿಂದ ನೀವೇ ಮಾತ್ರೆ ತರಬೇಡಿ. ಮುಖಕ್ಕೆ ಕರೆಂಟು ಕೊಡುವ ಆನ್‌ಲೈನ್ ಯಂತ್ರಕ್ಕೂ ದುಡ್ಡು ಸುರಿಯಬೇಡಿ.

ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಚೇತರಿಕೆ ಕಾಣುತ್ತದೆ. ವಾರೆ ನಿಧಾನವಾಗಿ ಹೆಚ್ಚುತ್ತಲೇ ಹೋದರೆ, ಕಿವಿಯ ಕೆಳಗೆ ಗಡ್ಡೆ ಕೈಗೆ ಸಿಕ್ಕಿದರೆ, ಮೂರು ತಿಂಗಳಾದರೂ ಮುಖ ಪೂರ್ತಿ ಮೊದಲಿನಂತಾಗದಿದ್ದರೆ ಮತ್ತೆ ತೋರಿಸಿ. ಹೋಗುವಾಗ ಹಳೇ ಫೋಟೋ ಒಂದು ಜೊತೆಗಿರಲಿ.