ಸ್ಥಾಪಕರು ಯಾವ ಕೆಲಸ ಬಿಟ್ಟುಕೊಡಬೇಕು, ಯಾವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ನಮ್ಮಂಥವರಿಗೆ ಸ್ವಂತ ಕಂಪನಿಯ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು ಸುಲಭವಲ್ಲ. ಪೀಣ್ಯದ ನಮ್ಮ ಯಂತ್ರಭಾಗಗಳ ಘಟಕದಲ್ಲಿ ಮೂವತ್ತು ಜನರಾದ ಮೇಲೂ ಪ್ರತಿ ಖರೀದಿಗೆ ನನ್ನ ಸಹಿ ಬೇಕಿತ್ತು. ಒಮ್ಮೆ ನಾನು ಕೊಯಮತ್ತೂರಿಗೆ ಹೋಗಿದ್ದಾಗ, ಲೋಹ ಕತ್ತರಿಸುವ ಚಿಕ್ಕ ಅಲಗುಗಳಾದ ಇನ್ಸರ್ಟುಗಳ 3,000 ರೂಪಾಯಿಯ ಪೆಟ್ಟಿಗೆಯೊಂದಕ್ಕೆ ಒಪ್ಪಿಗೆ ಸಿಗದೆ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತ್ ಮಧ್ಯಾಹ್ನದವರೆಗೂ ನಿಂತಿತ್ತು. ಆಪರೇಟರ್ ಸವೆದ ಇನ್ಸರ್ಟನ್ನು ಅಂಗೈಯಲ್ಲಿ ಹಿಡಿದುಕೊಂಡೇ ನನ್ನ ಫೋನಿಗೆ ಕಾದಿದ್ದರೆಂದು ಆಮೇಲೆ ತಿಳಿಯಿತು.

ಮೊದಲು ಎರಡು ವಾರ, ನಿಮ್ಮ ಬಳಿಗೆ ಬರುವ ಪ್ರತಿಯೊಂದು ತೀರ್ಮಾನವನ್ನೂ ನೋಟ್‌ಬುಕ್‌ನಲ್ಲಿ ಬರೆದು, ಅದು ತಪ್ಪಾದರೆ ಸರಿಪಡಿಸಲು ಎಷ್ಟು ದಿನ, ಎಷ್ಟು ಹಣ ಬೇಕಾದೀತು ಎಂಬುದನ್ನು ಪಕ್ಕದಲ್ಲೇ ನಮೂದಿಸಿ. ವಾರದೊಳಗೆ ಸರಿಹೋಗುವಂಥವನ್ನೆಲ್ಲ ಬಿಟ್ಟುಕೊಡಿ. ದೊಡ್ಡ ಗ್ರಾಹಕರ ದರ, ವಿಭಾಗ ಮುಖ್ಯಸ್ಥರ ನೇಮಕ ಮತ್ತು ಸಾಲವನ್ನು ನೀವೇ ನೋಡಿಕೊಳ್ಳಿ. ಸಣ್ಣ ಕಂಪನಿಯ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಾಪಕರ ವೈಯಕ್ತಿಕ ಖಾತರಿ ಕೇಳುವುದರಿಂದ, ಅಲ್ಲಿ ನಿಮ್ಮ ಮನೆಯೇ ಪಣಕ್ಕಿರುತ್ತದೆ.

‘ಇನ್ನು ನೀವೇ ನೋಡಿಕೊಳ್ಳಿ’ ಎಂದಷ್ಟೇ ಹೇಳಿದರೆ ಕೆಲಸ ವಹಿಸಿದಂತಾಗುವುದಿಲ್ಲ. ಕೇಳದೆ ಎಷ್ಟು ರೂಪಾಯಿಯವರೆಗೆ ಖರ್ಚು ಮಾಡಬಹುದು, ಯಾವ ಸುದ್ದಿ ಅದೇ ದಿನ ನಿಮಗೆ ಮುಟ್ಟಬೇಕು ಎಂಬುದನ್ನು ಬರಹದಲ್ಲಿ ಕೊಡಿ. ಆಮೇಲೆ ವರದಿಗಳನ್ನಷ್ಟೇ ಓದಿ ಸಮಾಧಾನಪಡದೆ, ವಾರಕ್ಕೊಮ್ಮೆ ಯಾವುದಾದರೂ ಒಂದು ಜಾಬ್ ಕಾರ್ಡ್ (ಒಂದು ಆರ್ಡರಿನ ಕೆಲಸದ ಹಂತಗಳನ್ನು ಬರೆದಿಡುವ ಚೀಟಿ) ಎತ್ತಿಕೊಂಡು, ಕಚ್ಚಾ ಸರಕು ಬಂದ ದಿನದಿಂದ ಮಾಲು ಲಾರಿ ಹತ್ತುವವರೆಗೆ ಅದು ಸಾಗಿದ ದಾರಿಯನ್ನು ಶಾಪ್ ಫ್ಲೋರಿನಲ್ಲೇ ನಿಂತು ಪರಿಶೀಲಿಸಿ. ದೋಷ ಕಂಡರೆ ಕೆಲಸಗಾರರ ಎದುರು ಆದೇಶ ಬದಲಿಸಬೇಡಿ, ಮೇಲ್ವಿಚಾರಕರನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿ. ಒಮ್ಮೆ ಅವರ ಮಾತು ಎಲ್ಲರೆದುರು ಬಿದ್ದುಹೋದರೆ, ಮಾರನೆಯ ದಿನದಿಂದ ಎಲ್ಲರೂ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾರೆ.

ದೊಡ್ಡ ಕಂಪನಿಗಳಿಗೂ ಇದು ಕಷ್ಟವೇ. 1981ರಲ್ಲಿ ಏಳು ಮಂದಿ ಆರಂಭಿಸಿದ ಇನ್ಫೋಸಿಸ್‌ನಲ್ಲಿ 2014ರವರೆಗೂ ಸ್ಥಾಪಕರೇ ಒಬ್ಬರಾದ ಮೇಲೊಬ್ಬರು ಸಿಇಒ ಆಗಿದ್ದರು. ಆ ವರ್ಷ ಹೊರಗಿನಿಂದ ಬಂದ ವಿಶಾಲ್ ಸಿಕ್ಕಾ, ಆಡಳಿತ ಮತ್ತು ವೇತನದ ವಿಷಯದಲ್ಲಿ ಸ್ಥಾಪಕರಿಗೂ ನಿರ್ದೇಶಕ ಮಂಡಳಿಗೂ ಬಹಿರಂಗ ಭಿನ್ನಮತ ಬೆಳೆದ ಮೇಲೆ, 2017ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರಾದರೂ, 2018ರ ಜನವರಿಯಲ್ಲಿ ಸಿಇಒ ಹೊಣೆ ಹೊತ್ತವರು ಮತ್ತೆ ಹೊರಗಿನವರೇ ಆದ ಸಲೀಲ್ ಪಾರೇಖ್. ಕುರ್ಚಿ ಬಿಟ್ಟ ಸ್ಥಾಪಕರು ಯಾವ ವಿಷಯದಲ್ಲಿ, ಯಾರ ಮೂಲಕ ಮಾತನಾಡಬೇಕೆಂಬುದನ್ನು ಬಿಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದನ್ನೆಲ್ಲ ನೋಡಿಯೇ.

ಖರ್ಚಿನ ಮಿತಿಯನ್ನು ಆರು ತಿಂಗಳಿಗೊಮ್ಮೆ ಕೆಲಸ ನೋಡಿ ಏರಿಸಿ. ನಮ್ಮಲ್ಲಿ ಅದು 5,000 ರೂಪಾಯಿಯಿಂದ ಶುರುವಾಗಿ ಈಗ 40,000ಕ್ಕೆ ಬಂದಿದೆ, ಲೇತ್ ಪಕ್ಕದ ಕಪಾಟಿನಲ್ಲಿ ಇನ್ಸರ್ಟಿನ ಎರಡು ಪೆಟ್ಟಿಗೆಗಳು ಸದಾ ಹೆಚ್ಚುವರಿಯಾಗಿ ಇರುತ್ತವೆ.