ಹೈಸ್ಕೂಲ್ ಮಕ್ಕಳಿಗೆ ಕೆಲಸದ ಲೋಕ ತೋರಿಸುವುದು ಹೇಗೆ

"ಮುಂದೆ ಏನಾಗ್ತೀರಿ?" ಅಂತ ನಮ್ಮ ಕಲಬುರಗಿಯ ಯಾವ ಹೈಸ್ಕೂಲಿನಲ್ಲಾದರೂ ಕೇಳಿ ನೋಡಿ. ಡಾಕ್ಟರ್, ಇಂಜಿನಿಯರ್, ಪಿಎಸ್‌ಐ, ಟೀಚರ್, ಮಿಲಿಟರಿ. ಐದಾರು ಹೆಸರಿನಲ್ಲಿ ಇಡೀ ಕ್ಲಾಸು ಮುಗಿಯುತ್ತದೆ. ಇದು ನಮ್ಮ ಮಕ್ಕಳದಷ್ಟೇ ಕಥೆ ಅಲ್ಲ. ಹಲವು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಹಕಾರ ಸಂಸ್ಥೆ ಓಇಸಿಡಿ 2020ರಲ್ಲಿ ಹೊರತಂದ ವರದಿಯಲ್ಲಿ 41 ದೇಶಗಳ 15 ವರ್ಷದ ಮಕ್ಕಳ ಲೆಕ್ಕ ಇದೆ. ಹುಡುಗರಲ್ಲಿ ನೂರಕ್ಕೆ 47, ಹುಡುಗಿಯರಲ್ಲಿ ನೂರಕ್ಕೆ 53 ಮಂದಿಯ ಕನಸು ಹತ್ತೇ ಹತ್ತು ಕೆಲಸಗಳ ಒಳಗಿತ್ತು.

ಮಕ್ಕಳ ಆಸೆಗೆ ಟೀಚರಾದ ನನ್ನ ತಕರಾರೇನೂ ಇಲ್ಲ. ಪಿಎಸ್‌ಐ ಆಗಲಿ, ಖಂಡಿತ ಆಗಲಿ. ಆದರೆ ಪಿಎಸ್‌ಐ ಬೆಳಿಗ್ಗೆ ಹನ್ನೊಂದು ಗಂಟೆಗೆ ಏನು ಮಾಡುತ್ತಿರುತ್ತಾರೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಸ್ಟೇಷನ್‌ದಾಗ ಕುಂತಿರ್ತಾರ್ರೀ ಮೇಡಂ" ಅಂದ ಒಬ್ಬ ಹುಡುಗ. ಜೀಪು, ಯೂನಿಫಾರ್ಮು ಅವನಿಗೆ ಗೊತ್ತು. ಪಂಚನಾಮೆ, ಎಫ್‌ಐಆರ್, ಕೋರ್ಟಿನ ಓಡಾಟ ಗೊತ್ತಿಲ್ಲ. ಅದಕ್ಕೇ ಇಲ್ಲಿಂದ ಶುರು ಮಾಡಿ. ತಾನು ಆಗಬೇಕೆಂದಿರುವವರ ಒಂದು ದಿನವನ್ನು ಪ್ರತಿ ಮಗುವೂ ಒಂದು ಹಾಳೆಯಲ್ಲಿ ಗಂಟೆ ಗಂಟೆಗೆ ಬರೆಯಲಿ. ತಿದ್ದಲು ಹೋಗಬೇಡಿ. ಖಾಲಿ ಬಿಟ್ಟ ಗಂಟೆಗಳೇ ನಿಮಗೆ ಬೇಕಾದದ್ದು.

ಆಮೇಲೆ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ. ದೂರದ ಕಂಪನಿ ಬೇಡ, ದಾಲ್ ಮಿಲ್ ಸಾಕು. ಜನವರಿ-ಫೆಬ್ರವರಿಯಲ್ಲಿ ಹೊಸ ತೊಗರಿ ಬಂದಿರುತ್ತದೆ, ಮಿಲ್ಲಿನಲ್ಲಿ ಕೆಲಸ ಜೋರು. ಹತ್ತನೇ ಕ್ಲಾಸಿನವರಿಗೆ ಆಗ ಪರೀಕ್ಷೆಯ ಚಿಂತೆ. ಒಂಬತ್ತನೇ ಕ್ಲಾಸಿನವರೇ ಸರಿ. ಶಾಲೆಯ ಪತ್ರ, ಮಾಲೀಕರ ಒಪ್ಪಿಗೆ, ಪಾಲಕರ ಸಹಿ ಮೊದಲೇ ಇರಲಿ. ಒಂದು ಸಲಕ್ಕೆ ಐದಾರು ಮಕ್ಕಳು ಸಾಕು, ಗುಂಪು ದೊಡ್ಡದಾದರೆ ಯಾರೂ ಏನೂ ಕೇಳುವುದಿಲ್ಲ. ಧೂಳು ಬಹಳ, ಮೂಗಿಗೆ ಬಟ್ಟೆ ಕಟ್ಟಿಸಿ. ಮಕ್ಕಳು ನೋಡಲಿ, ಕೇಳಲಿ, ಯಾವ ಕೆಲಸಕ್ಕೂ ಕೈ ಹಾಕಬಾರದು. 14 ವರ್ಷದೊಳಗಿನವರನ್ನು ದುಡಿಸುವುದು, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ.

ಒಳಗೆ ಹೋದ ಮೇಲೆ ಅವಸರ ಬೇಡ. ಹಮಾಲರು ಚೀಲ ಇಳಿಸುತ್ತಾರೆ. ಕಾಳು ಹಸನಾಗುತ್ತದೆ, ಎಣ್ಣೆ-ನೀರು ಹಚ್ಚಿಸಿಕೊಂಡು ಒಣಗುತ್ತದೆ, ರೋಲರಿನಲ್ಲಿ ಸಿಪ್ಪೆ ಬಿಟ್ಟು ಬೇಳೆಯಾಗುತ್ತದೆ. ಹೊಟ್ಟು-ನುಚ್ಚು ದನದ ಮೇವಿಗೆ. ನಾನು ಮಕ್ಕಳನ್ನು ಜಾಸ್ತಿ ಹೊತ್ತು ನಿಲ್ಲಿಸುವುದು ಸಾರ್ಟೆಕ್ಸ್ ಮಷಿನ್ ಮುಂದೆ. ಕ್ಯಾಮೆರಾ ಬಣ್ಣ ನೋಡುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಊದಿ ಹೊರಗೆ ತಳ್ಳುತ್ತದೆ. ಸೆಟ್ಟಿಂಗ್ ಬಿಗಿ ಮಾಡಿದರೆ ಒಳ್ಳೆ ಬೇಳೆಯೂ ಹೊರಗೆ, ಸಡಿಲ ಬಿಟ್ಟರೆ ಕಪ್ಪು ಕಾಳು ಚೀಲಕ್ಕೆ. ಆಪರೇಟರ್ ಒಂದು ಮುಷ್ಟಿ ಬೇಳೆ ಅಂಗೈಯಲ್ಲಿ ಹರಡಿ ನೋಡುತ್ತಾರೆ, ಮತ್ತೆ ಸ್ಕ್ರೀನ್ ಒತ್ತುತ್ತಾರೆ. ಮಕ್ಕಳಿಂದ ಅವರನ್ನೇ ಕೇಳಿಸಿ: ಇದನ್ನು ಯಾರ ಹತ್ತಿರ ಕಲಿತಿರಿ? ದಿನದಲ್ಲಿ ಕಷ್ಟದ ಹೊತ್ತು ಯಾವುದು? ಸೇರಿದಾಗ ಪಗಾರ ಎಷ್ಟಿತ್ತು, ಈಗ ಎಷ್ಟು? ಹೊಸಬರು ಬಂದರೆ ಮೊದಲು ಏನು ನೋಡುತ್ತೀರಿ? ಪಗಾರ ಕೇಳಲು ಮಕ್ಕಳು ಹಿಂಜರಿದರೆ ನೀವೇ ಕೇಳಿ, ಅದನ್ನು ತಿಳಿದುಕೊಳ್ಳುವುದು ಅವರ ಹಕ್ಕು.

ಹುಡುಗಿಯರನ್ನು ಕಾಳು ಹಸನು ಮಾಡುವ ಹೆಣ್ಣುಮಕ್ಕಳ ಕಡೆಗಷ್ಟೇ ಕಳಿಸುವವರು ಇದ್ದಾರೆ. ಹಾಗೆ ಮಾಡಲು ಬಿಡಬೇಡಿ. ಮೋಟರ್ ರಿಪೇರಿಯವರ ಹತ್ತಿರ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಟೇಬಲ್ಲಿನ ಹತ್ತಿರ ಅವರನ್ನೂ ನಿಲ್ಲಿಸಿ. ಇನ್ನೊಂದು ಮಾತು. ಅದೇ ಮಿಲ್ಲಿನಲ್ಲಿ ಯಾರದಾದರೂ ಅವ್ವನೋ ಅಪ್ಪನೋ ದುಡಿಯುತ್ತಿರಬಹುದು. ಆ ಮಗುವನ್ನು ಹಿಂದಿನ ದಿನ ಒಂದು ಕಡೆ ಕರೆದು ಕೇಳಿ. ಬೇಡ ಅಂದರೆ ಬೇರೆ ಮಿಲ್ಲು ನೋಡಿ. ಸರಿ ಅಂದರೆ ಆ ಅವ್ವನೋ ಅಪ್ಪನೋ ಎಲ್ಲರಿಗೂ ಕೆಲಸ ವಿವರಿಸಲಿ.

ಬೀದರಿನವರಿಗೆ ಚೌಬಾರಾ ಕಡೆಯ ಬಿದ್ರಿ ಅಂಗಡಿಗಳಿವೆ. ಎರಕ, ಕೆತ್ತನೆ, ಬೆಳ್ಳಿ ಕೂರಿಸುವುದು, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುವುದು, ಎಲ್ಲ ಕಣ್ಣೆದುರೇ ನೋಡಬಹುದು. ಯಾದಗಿರಿಯವರು ಕಡೇಚೂರಿನ ರೈಲ್ವೆ ಬೋಗಿ ಕಾರ್ಖಾನೆಗೆ ಪತ್ರ ಬರೆದು ಕೇಳಿ ನೋಡಬಹುದು.

ವಾಪಸ್ ಬಂದ ವಾರದೊಳಗೆ ಇನ್ನೊಂದು ಹಾಳೆ ಕೊಡಿ. ಈ ಸಲ ಮಿಲ್ಲಿನಲ್ಲಿ ಕಂಡ ಒಬ್ಬರ ದಿನವನ್ನು ಗಂಟೆ ಗಂಟೆಗೆ ಬರೆಯಲಿ, ಆ ಕೆಲಸಕ್ಕೆ ಹೋಗುವ ದಾರಿಯನ್ನೂ ಕೆಳಗೆ ಬರೆಯಲಿ: ಐಟಿಐ, ಡಿಪ್ಲೊಮಾ, ಅಪ್ರೆಂಟಿಸ್, ಬಿಕಾಂ, ಏನಿದೆಯೋ ಅದು.

ಎರಡೂ ಹಾಳೆಗಳನ್ನು ಪಾಲಕರ ಸಭೆಯಲ್ಲಿ ಮುಂದಿಡಿ. "ನೌಕರಿ ಅಂದ್ರ ಸರ್ಕಾರಿದೇ ರೀ" ಅನ್ನುವವರು ಇದ್ದೇ ಇರುತ್ತಾರೆ. ಅವರ ಮಾತು ತಳ್ಳಿಹಾಕಬೇಡಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಮೀಸಲು. ಅದಕ್ಕೆ ಸ್ಥಳೀಯರು ಅನ್ನುವ ಪ್ರಮಾಣಪತ್ರ ಬೇಕು. ಅರ್ಜಿ ಹಾಕುವ ದಿನ ಓಡಾಡುವುದು ಬೇಡ, ಈಗಲೇ ಮಾಡಿಸಿ ಇಟ್ಟುಕೊಳ್ಳಿ ಅಂತ ಹೇಳಿ. ಶಾಲೆಯಿಂದ ಬೇಕಾದ ದಾಖಲೆಯನ್ನು ಅದೇ ದಿನ ಬರೆದುಕೊಡಿ.