ಮನೆಗೆ ಹೊಸ ಕಂಪ್ಯೂಟರ್: ಪ್ರೊಸೆಸರ್ ಆರಿಸುವುದು ಹೇಗೆ?

ಮನೆಮಂದಿಗೆಲ್ಲ ಸೇರಿ ಒಂದು ಕಂಪ್ಯೂಟರ್ ಕೊಳ್ಳಲು ಹೊರಟರೆ ಮೊದಲು ಕಿವಿಗೆ ಬೀಳುವ ಸಲಹೆ: ‘ಐ7 ತಗೊಂಡುಬಿಡಿ, ಚಿಂತೆ ಇರಲ್ಲ.’ ಚಿಂತೆ ಇರಲ್ಲ ನಿಜ, ಕೈಯಲ್ಲಿ ದುಡ್ಡೂ ಇರಲ್ಲ! ಐ3, ಐ5, ಐ7 ಎನ್ನುವುದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಇಂಟೆಲ್ ಕಂಪನಿ ಕೊಟ್ಟ ಬರೀ ದರ್ಜೆ. ಅಸಲಿ ವಿಷಯ ಇರುವುದು ಅದರ ಹಿಂದಿನ ನಂಬರಿನಲ್ಲಿ.

ಮೊದಲು ಹಳೆಯದನ್ನು ನೋಡಿ

ಹಳೆ ಕಂಪ್ಯೂಟರ್ ಇದ್ದರೆ ಅದು ಯಾಕೆ ನಿಧಾನ ಎಂದು ತಿಳಿದುಕೊಳ್ಳಿ. ದಿನಾ ಬಳಸುವುದನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಸಿಪಿಯು (ಅಂದರೆ ಪ್ರೊಸೆಸರ್) ಶೇ 20ರಲ್ಲಿ ಆರಾಮಾಗಿದ್ದು ಮೆಮೊರಿ ಶೇ 90 ದಾಟಿದ್ದರೆ ತಪ್ಪು ಪ್ರೊಸೆಸರಿನದಲ್ಲ, ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿಯಾದ ರ್‍ಯಾಮ್ ಸಾಲುತ್ತಿಲ್ಲ. ಡಿಸ್ಕ್ ಸದಾ ಶೇ 100ರಲ್ಲೇ ನಿಂತಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಎಷ್ಟೋ ವೇಗವಾಗಿ ಫೈಲು ಓದುವ ಎಸ್‌ಎಸ್‌ಡಿ ಹಾಕಿಸಿ. ಹೊಸ ಕಂಪ್ಯೂಟರೇ ಬೇಡವಾಗಬಹುದು.

ಯಾರಿಗೆ ಏನು ಬೇಕು?

ಬ್ರೌಸರ್, ಆನ್‌ಲೈನ್ ಕ್ಲಾಸ್, ಲೆಕ್ಕಪತ್ರ, ಸಿನಿಮಾ ಇಷ್ಟೇ ಆದರೆ ಈಗಿನ ಐ3 ಅಥವಾ ಎಎಮ್‌ಡಿ ಕಂಪನಿಯ ರೈಜನ್ 3 ಸಾಕು. ಫೋಟೊ ತಿದ್ದುವವರು, ಕೋಡಿಂಗ್ ಕಲಿಯುವವರು, ಗೇಮ್ ಆಡುವವರು ಇದ್ದರೆ ಐ5 ಅಥವಾ ರೈಜನ್ 5. ವಿಡಿಯೊ ಎಡಿಟಿಂಗೋ ತ್ರೀಡಿ ಕೆಲಸವೋ ದಿನವೂ ಇಲ್ಲದಿದ್ದರೆ ಅದಕ್ಕಿಂತ ಮೇಲಿನದ್ದು ಸುಮ್ನೆ ಖರ್ಚು. ಎಲ್ಲರಿಗಿಂತ ಭಾರದ ಕೆಲಸ ಮಾಡುವವರನ್ನು ಲೆಕ್ಕಕ್ಕಿಟ್ಟುಕೊಂಡು ಆರಿಸಿ, ಉಳಿದವರಿಗೆ ಹೇಗೂ ಸಾಕಾಗುತ್ತದೆ.

ನಂಬರ್ ಓದುವ ಬಗೆ

ಐ5-13400 ತೆಗೆದುಕೊಳ್ಳಿ. ಮೊದಲ 13 ಎಂದರೆ 13ನೇ ತಲೆಮಾರು. ಇದು ಯಾಕೆ ಮುಖ್ಯ ಗೊತ್ತಾ? 2017ರ ಐ7-7700ಗೂ 2022ರ ಐ3-12100ಗೂ ಇರುವುದು ತಲಾ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಆದರೂ ವೇಗದಲ್ಲಿ ಐ3ಯೇ ಮುಂದೆ. ಮೇಲಾಗಿ ಆ ಐ7, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್‌ಗೇ ಮುಗಿಯಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ‘ಐ7’ ಸ್ಟಿಕ್ಕರ್ ನೋಡಿ ಮರುಳಾಗುವುದು ಇಲ್ಲೇ.

ಒಂದೇ ತಲೆಮಾರಿನಲ್ಲೂ ದರ್ಜೆ ಮೋಸ ಮಾಡಬಹುದು. ಲ್ಯಾಪ್‌ಟಾಪಿಗೆ ಬರುವ ಐ5-1335ಯು ಮತ್ತು ಐ7-1355ಯು ಎರಡರಲ್ಲೂ 10 ಕೋರ್, 12 ಥ್ರೆಡ್. ಗರಿಷ್ಠ ವೇಗ ಮಾತ್ರ ಒಂದರಲ್ಲಿ 4.6 ಗಿಗಾಹರ್ಟ್ಸ್, ಇನ್ನೊಂದರಲ್ಲಿ 5. ಮನೆ ಕೆಲಸದಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಎಎಮ್‌ಡಿಯ ರೈಜನ್‌ನಲ್ಲಿ ಇನ್ನೊಂದು ಪೇಚು. ರೈಜನ್ 5 7520ಯು ನೋಡಿದರೆ 7000 ಸರಣಿಯ ಹೊಸ ಮಾಲು ಅನಿಸುತ್ತದೆ, ಅಲ್ವಾ? ಅದರ ಮೂರನೇ ಅಂಕಿ 2. ಅಂದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7540ಯು ಆದರೆ ಝೆನ್ 4. ಈ ಸರಣಿಯ ಲ್ಯಾಪ್‌ಟಾಪ್ ನೋಡುವಾಗ ಕಣ್ಣು ಮೂರನೇ ಅಂಕಿಯ ಮೇಲಿರಲಿ. ಇಂಟೆಲ್ 2023ರ ಕೊನೆಯಿಂದ ‘ಐ’ ಕೈಬಿಟ್ಟು ‘ಕೋರ್ ಅಲ್ಟ್ರಾ 5’ ಥರದ ಹೆಸರಿಡುತ್ತಿದೆ, ಆದರೆ 5, 7, 9ರ ದರ್ಜೆ ಹಾಗೇ ಇದೆ.

ಕೊನೆಯ ಅಕ್ಷರ

ಲ್ಯಾಪ್‌ಟಾಪಿನಲ್ಲಿ ‘ಯು’ ಎಂದರೆ ಕಡಿಮೆ ಕರೆಂಟು, ಜಾಸ್ತಿ ಹೊತ್ತು ಬ್ಯಾಟರಿ. ‘ಎಚ್’ ಎಂದರೆ ಜಾಸ್ತಿ ಬಲ, ಜೊತೆಗೆ ಬಿಸಿ ಮತ್ತು ಫ್ಯಾನಿನ ಗದ್ದಲ.

ಡೆಸ್ಕ್‌ಟಾಪ್ ಜೋಡಿಸುವವರು ‘ಎಫ್’ ಕಂಡರೆ ನಿಂತು ಯೋಚಿಸಬೇಕು. ಐ5-13400ಎಫ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಮೂಡುವುದಿಲ್ಲ. ರೈಜನ್ 5 5600 ಕೂಡ ಹಾಗೇ, ಅಕ್ಷರದ ಸುಳಿವೂ ಇಲ್ಲ! ಗ್ರಾಫಿಕ್ಸ್ ಬೇಕಿದ್ದರೆ 5600ಜಿ ಕೇಳಿ. ಎಲ್ಲ ಭಾಗ ಜೋಡಿಸುವ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರಿಸುವ ಸಾಕೆಟ್ಟೂ ಹೊಂದಬೇಕು. 12ರಿಂದ 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಎಲ್‌ಜಿಎ 1700, ರೈಜನ್ 7000ಕ್ಕೆ ಎಎಮ್5. ಎಎಮ್5ಕ್ಕೆ ಡಿಡಿಆರ್5 ರ್‍ಯಾಮ್ ಮಾತ್ರ ನಡೆಯುತ್ತದೆ, ಹಳೆಯ ಡಿಡಿಆರ್4 ಉಳಿಸಿಕೊಂಡು ಪ್ರಯೋಜನವಿಲ್ಲ.

ಗಿಗಾಹರ್ಟ್ಸ್ ನೋಡಿ ಮಾತ್ರ ಆರಿಸಬೇಡಿ. 2004ರಲ್ಲೇ ಪೆಂಟಿಯಮ್ 4, 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಈಗಿನ ಸಾಧಾರಣ ಪ್ರೊಸೆಸರ್ ಎದುರು ಅದು ಲೆಕ್ಕಕ್ಕೇ ಇಲ್ಲ.

ಇಂಟೆಲ್, ಎಎಮ್‌ಡಿಗಳಿಗಿಂತ ಬೇರೆ ಬಗೆಯ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಆದರೆ ಮನೆಯಲ್ಲಿರುವ ಹಳೆ ಪ್ರಿಂಟರ್‌ಗೆ ಈ ಪ್ರೊಸೆಸರಿನಲ್ಲಿ ನಡೆಯುವ ಡ್ರೈವರ್ (ಪ್ರಿಂಟರಿನಿಂದ ಕೆಲಸ ಮಾಡಿಸುವ ತಂತ್ರಾಂಶ) ಸಿಗುತ್ತದಾ ಎಂದು ಮೊದಲೇ ಕೇಳಿ.

ಉಳಿದ ದುಡ್ಡು ಎಲ್ಲಿಗೆ?

ಐ7 ಬಿಟ್ಟು ಐ5ಕ್ಕೆ ಇಳಿದಾಗ ಉಳಿಯುವ ಹಣವನ್ನು 16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ ಹಾಕಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುವುದು ಜಾಸ್ತಿ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಡೆಸ್ಕ್‌ಟಾಪ್ ಆದರೆ 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ಹಾಕಿಸಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಚುರುಕಾಗುತ್ತದೆ.

ಬಿಲ್ಲಿನಲ್ಲಿ ‘ಐ5 ಲ್ಯಾಪ್‌ಟಾಪ್’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ, ಅಕ್ಷರದ ಸಮೇತ ಪೂರ್ತಿ ನಂಬರ್ ಬರೆಸಿ. ಕಂಪ್ಯೂಟರ್ ಮನೆಗೆ ಬಂದ ದಿನವೇ ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ‘ಅಬೌಟ್’ ತೆರೆದು ಅದಕ್ಕೆ ತಾಳೆ ಹಾಕಿ.